ಆಣೆಯ ಅಕ್ಕಿ

ಗಂಗೋತ್ರಿ ಅವತ್ತು ಎಡಗಡೆಯ ಜೇಬನ್ನು ಬಲಗಡೆಗೆ ಹಚ್ಚಿಬಿಟ್ಟಿದ್ದಳು. ಒಂದಲ್ಲ ಎರಡಲ್ಲ, ಇಡೀ ಬಂಡಲ್, ಇಪ್ಪತ್ತು ಪ್ಯಾಂಟು. ರಾಯದುರ್ಗದ ಆ ಜೀನ್ಸ್ ಯೂನಿಟ್ಟಿನಲ್ಲಿ ಒಂಬತ್ತು ವರ್ಷದಿಂದ ಹಿಂದಿನ ಜೇಬು ಹೊಲಿಯುತ್ತಿದ್ದವಳು ಅವಳು. ಕಣ್ಣು ಕಟ್ಟಿ ಕೂರಿಸಿದರೂ ಹೊಲಿಗೆ ಸೊಟ್ಟಗಾಗುತ್ತಿರಲಿಲ್ಲ. ತಪ್ಪು ಕಣ್ಣಿನದಲ್ಲ, ಕೈಯದೂ ಅಲ್ಲ. ಅವಳ ತಲೆ ನಾಲ್ಕು ವರ್ಷದಿಂದ ಒಂದೇ ಮದುವೆಮನೆಯಲ್ಲಿ, ಒಂದೇ ಊಟದ ಪಂಕ್ತಿಯ ನಡುವೆ, ತುಪ್ಪದ ಗಿಂಡಿ ಹಿಡಿದುಕೊಂಡು ನಿಂತುಬಿಟ್ಟಿತ್ತು.

ಆ ಮದುವೆ ಅವಳ ತಂಗಿ ನಾಗರತ್ನಳದು. ಗಂಡು ಮಡಕಶಿರಾದ ಹನುಮೇಶ್, ಒಳ್ಳೆಯ ಹುಡುಗ, ಅವನ ಮೇಲೆ ಯಾರದೂ ದೂರಿಲ್ಲ. ದೂರು ಇದ್ದದ್ದು ಅವನ ಸೋದರತ್ತೆ ತಿಪ್ಪಕ್ಕನ ಮೇಲೆ. ತಿಪ್ಪಕ್ಕ ಬೀಗರ ಪದ ಹಾಡುವುದರಲ್ಲಿ ಹೆಸರುವಾಸಿ. ಬೀಗರು ಊಟಕ್ಕೆ ಕೂತಾಗ ಎರಡೂ ಕಡೆಯ ಹೆಂಗಸರು ಒಬ್ಬರನ್ನೊಬ್ಬರು ಹಾಡಿನಲ್ಲೇ ಆಡಿಕೊಳ್ಳುವುದು ಈ ಕಡೆಯ ಪದ್ಧತಿ. ನಿಮ್ಮ ಗಂಡಿನ ಮೂಗು ಸೊಟ್ಟ ಎನ್ನಬಹುದು, ನಿಮ್ಮ ಸಾರಿನಲ್ಲಿ ಈಜಬಹುದು ಎನ್ನಬಹುದು. ಅನ್ನಿಸಿಕೊಂಡವರು ಪದದಲ್ಲೇ ತಿರುಗಿಸಿ ಕೊಡಬೇಕು. ಕೊಡಲಾಗದೆ ಸುಮ್ಮನಾದರೆ ಸೋಲು, ಸಿಟ್ಟಾದರೆ ಅದಕ್ಕಿಂತ ದೊಡ್ಡ ಸೋಲು. ಮನೆಯೊಳಗಿನ ನಿಜವಾದ ಗಾಯವನ್ನು ಮಾತ್ರ ಮುಟ್ಟುವಂತಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳದೆಯೇ ಎಲ್ಲರಿಗೂ ಗೊತ್ತು.

ಮದುವೆಗೆ ಎರಡು ದಿನ ಮೊದಲೇ ತಿಪ್ಪಕ್ಕ ಧಾರೆ ಸೀರೆ ಹಿಡಿದುಕೊಂಡು ರಾಯದುರ್ಗಕ್ಕೆ ಬಂದಿದ್ದಳು. ಅದಕ್ಕೆ ರವಿಕೆ ಹೊಲಿಯಬೇಕಾದವಳು ಗಂಗೋತ್ರಿಯೇ. ಮದುವೆಮನೆಗೆ ಬಂದ ಹೆಂಗಸು ಅಕ್ಕಿಯ ಮೊರದ ಮುಂದೆ ಕೂರದೆ ಹೋದರೆ ನಾಲ್ಕು ಮಾತು ಬರುತ್ತದೆ, ಆದ್ದರಿಂದ ತಿಪ್ಪಕ್ಕನೂ ಕೂತಳು. ಮಧ್ಯಾಹ್ನ ಉಳಿದವರೆಲ್ಲ ಎದ್ದುಹೋಗಿ, ಹಜಾರದಲ್ಲಿ ಇವರಿಬ್ಬರೇ ಉಳಿದರು.

"ಯಾಕಮ್ಮಿ, ಕಣ್ಣು ಊದ್ಕೊಂಡವೆ? ನಿನ್ ಗಂಡ ಬರ್ಲಿಲ್ವಾ ಮದ್ವೆಗೆ?" ಎಂದಳು ತಿಪ್ಪಕ್ಕ.

ಗಂಗೋತ್ರಿಯ ಗಂಡ ಭೀಮೇಶ್‌ಗೆ ಬಳ್ಳಾರಿಯಲ್ಲಿ ಕೆಲಸ, ಆರ್ಡರ್ ಜೋರಿದೆ, ರಜೆ ಸಿಕ್ಕಿಲ್ಲ ಎಂದು ಮನೆಯವರು ಎಲ್ಲರಿಗೂ ಹೇಳಿಕೊಂಡಿದ್ದರು. ನಿಜ ಬೇರೆಯೇ ಇತ್ತು. ಅವನು ಅಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿ ಆರು ತಿಂಗಳಾಗಿತ್ತು, ಇನ್ನು ಬರುವುದಿಲ್ಲ ಎಂದು ಫೋನಿನಲ್ಲೇ ಹೇಳಿ ಮುಗಿಸಿದ್ದ. ತಂಗಿಯ ಮದುವೆ ಮುಗಿಯುವ ತನಕ ಇದು ಹೊರಗೆ ಬೀಳಬಾರದು ಎಂದು ಅಪ್ಪ ಸುಂಕಪ್ಪ ಕೈಮುಗಿದು ಕೇಳಿಕೊಂಡಿದ್ದ. ಗಂಗೋತ್ರಿ ಆರು ತಿಂಗಳು ತುಟಿ ಹೊಲಿದುಕೊಂಡೇ ಇದ್ದಳು. ಆದರೆ ತಲೆ ಸವರಿ ಕೇಳಿದವರ ಮುಂದೆ ಎಷ್ಟು ಹೊತ್ತು ಅಂತ ಇರುತ್ತಾರೆ?

"ಯಾರ್ಗೂ ಹೇಳಾಕಿಲ್ಲ ಕಣಮ್ಮಿ," ಎಂದು ತಿಪ್ಪಕ್ಕ ಮೊರದ ಅಕ್ಕಿಯನ್ನು ಮುಟ್ಟಿ ಆಣೆ ಇಟ್ಟಳು. "ಈ ಅನ್ನದಾಣೆಗೂ ನನ್ ಹೊಟ್ಟೇಲೇ ಇರ್ತೈತೆ. ಹೇಳ್ಕಂಡು ಹಗುರಾಗು."

ಗಂಗೋತ್ರಿ ಹೇಳಿದಳು. ಅತ್ತಳು. ಹಗುರವೂ ಆದಳು. ಬೀಗಿತ್ತಿಯ ಮುಂದೆ ಬಾಯಿ ಬಿಟ್ಟವಳಿಗಿಂತ ದಡ್ಡಿ ಮತ್ತೊಬ್ಬಳಿಲ್ಲ ಎಂಬ ಮಾತನ್ನು ಅವಳ ಅಜ್ಜಿ ನೂರು ಸಲ ಹೇಳಿದ್ದರೂ ಆ ಗಳಿಗೆಗೆ ಅದು ನೆನಪಾಗಲಿಲ್ಲ.

ಮದುವೆಯ ದಿನ ಬೀಗರು ಊಟಕ್ಕೆ ಕೂತರು. ಅದೇ ಅಕ್ಕಿಯ ಅನ್ನ. ಗಂಗೋತ್ರಿ ತುಪ್ಪ ಬಡಿಸುತ್ತ ಬಂದಳು. ಎಲೆಯ ಮುಂದೆ ಕೂತಿದ್ದ ತಿಪ್ಪಕ್ಕ ಅವಳನ್ನು ನೋಡಿ, ನಕ್ಕು, ದನಿ ಎತ್ತಿದಳು:

ಆರು ಮೊಳ ಮಲ್ಲಿಗೆಯ ಮುಡಿದವಳೆ ಬೀಗಿತ್ತಿ
ಯಾರಿಗೆ ತೋರಾಕೆ ಮುಡಿದವಳೆ, ಅವಳ ಗಂಡ
ಊರು ಬಿಟ್ಟು ಹೂಡವ್ನೆ ಹೊಸ ಒಲೆಯ

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅದು ಬರೀ ತಮಾಷೆಯಲ್ಲ ಎಂದು ರಾಯದುರ್ಗದವರ ಮುಖ ನೋಡಿದ ಮೇಲೆ ಗೊತ್ತಾಗಿ ನಗು ನಿಂತಿತು, ಪಿಸುಪಿಸು ಶುರುವಾಯಿತು. ಸುಂಕಪ್ಪ ನೀರಿನ ಚೊಂಬು ಕೆಳಗಿಟ್ಟು ಹೊರಗೆ ಹೋದ. ಗಂಗೋತ್ರಿಯ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಗಿಂಡಿಯಿಂದ ತುಪ್ಪ ಯಾರದೋ ಎಲೆಗೆ ಸುರಿಯುತ್ತಲೇ ಇತ್ತು.

ಆಮೇಲೆ ಕೈ ತೊಳೆಯುವ ಕಡೆ ತಿಪ್ಪಕ್ಕನನ್ನು ತಡೆದು, "ಆಣಿ ಮಾಡಿದ್ರಲ್ಲ ಅತ್ತಿ," ಎಂದದ್ದಕ್ಕೆ ಅವಳು ಕೆನ್ನೆ ಹಿಂಡಿ ಹೇಳಿದಳು: "ಪದಕ್ಕೆ ಕೋಪ ಮಾಡ್ಕಬಾರ್ದು ಕಣಮ್ಮಿ. ನಗ್ತಾ ತಗಬೇಕು."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಗಂಗೋತ್ರಿಗೆ ಆನೆ ಬೇಕಿರಲಿಲ್ಲ, ಒಂದು ಉತ್ತರ ಬೇಕಿತ್ತು. ಅದು ಅವತ್ತು ಬರಲಿಲ್ಲ, ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಬಂತು. ಅದರ ಮರುದಿನ ಅದಕ್ಕಿಂತ ಚೂಪಾದದ್ದು ಬಂತು. ಬಟ್ಟೆ ಒಗೆಯುವಾಗ ಒಂದು, ರೊಟ್ಟಿ ಬಡಿಯುವಾಗ ಒಂದು. ಹೀಗೆಂದಿದ್ದರೆ ಅವಳು ಹಾಗೆನ್ನುತ್ತಿದ್ದಳು, ಆಗ ನಾನು ಹೀಗೆನ್ನಬಹುದಿತ್ತು. ನಾಲ್ಕು ವರ್ಷ ಇದೇ. ಯಾರ ಮದುವೆಗೂ ಹೋಗುವುದನ್ನು ಬಿಟ್ಟಳು. ಭೀಮೇಶ್‌ನನ್ನು ಮರೆತದ್ದು ಎಂಟೇ ತಿಂಗಳಿಗೆ, ಅವನು ಅಷ್ಟಕ್ಕೇ ಲಾಯಕ್ಕು. ತಿಪ್ಪಕ್ಕ ಮಾತ್ರ ತಲೆಯಲ್ಲಿ ಎಲೆ ಹಾಕಿಕೊಂಡು ಕೂತವಳು ಏಳಲೇ ಇಲ್ಲ.

ಜೇಬು ಅದಲುಬದಲಾದ ಇಪ್ಪತ್ತು ಪ್ಯಾಂಟು ಮಡಿಲಿಗೆ ಹಾಕಿಕೊಂಡು ಹೊಲಿಗೆ ಬಿಚ್ಚುತ್ತಿದ್ದಾಗ, ಪಕ್ಕದಲ್ಲಿ ನೂಲು ಕತ್ತರಿಸುತ್ತಿದ್ದ ಉಚ್ಚಂಗಮ್ಮ ತಾನೂ ಹತ್ತು ಎಳೆದುಕೊಂಡಳು. ಅರವತ್ತು ದಾಟಿದ ಮುದುಕಿ, ಹಲ್ಲು ಕಡಿಮೆ, ನಾಲಿಗೆ ಜಾಸ್ತಿ.

"ಮತ್ತ ಆ ಮಡಕಶಿರಾದಾಕಿ ಬಂದಿದ್ಲೇನು ತಲ್ಯಾಗ?"

"ಬಿಡವಲ್ಲಳು ದೊಡ್ಡವ್ವ. ನಾ ಬ್ಯಾಡ ಅಂದ್ರೂ ಬರ್ತಾಳ."

"ಬಾಬಿನ್ನಿನಾಗ ದಾರ ಮುಗದೈತಿ, ನೀ ಮಿಷನ್ ಓಡಸಾಕತ್ತೀ. ಸೂಜಿ ಇಳೀತೈತಿ, ಬಟ್ಟಿಗೆ ತೂತು ಬೀಳ್ತಾವ, ಹೊಲಿಗಿ ಮಾತ್ರ ಬೀಳಂಗಿಲ್ಲ. ನಾಕು ವರ್ಷದಿಂದ ನೆನಸ್ತೀಯಲ್ಲ, ಒಂದರ ಪದ ಕಟ್ಟಿಯೇನು?"

ಗಂಗೋತ್ರಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಸಾವಿರ ಉತ್ತರ ನೆನೆಸಿದ್ದಳು, ಒಂದೂ ಕಟ್ಟಿರಲಿಲ್ಲ.

"ಮರೀಬೇಕಂತೀ ಏನ್ ದೊಡ್ಡವ್ವ?"

"ನಾ ಯಾಕ ಹಂಗಂತೀನಿ? ಹಾವಿನ ದ್ವೇಷ ಹನ್ನೆರಡು ವರ್ಷ, ನಿಂದು ಇನ್ನಾ ನಾಕು. ತೀರಿಸ್ಕೊ. ಆದರ ಕೆಲಸ ಮಾಡಿದಂಗ ಮಾಡು." ಉಚ್ಚಂಗಮ್ಮ ಬಂಡಲಿಗೆ ಕಟ್ಟಿದ್ದ ನಂಬರ್ ಚೀಟಿಯನ್ನು ಕಿತ್ತು ಅವಳ ಕೈಗಿಟ್ಟಳು. "ಒಂದು ಬಂಡಲ್ ಮುಗಿಯೋತನ ನೆನಸ್ಕೊ. ಬೇಕಾದಷ್ಟು ನೆನಸ್ಕೊ. ಮುಗದ ಮ್ಯಾಲೆ ಈ ಚೀಟಿ ಹಿಂದ ಒಂದು ಸಾಲು ಬರಿ. ಬರದದ್ದು ನಿಂದು. ಬರೀಲಾರದ್ದು ಕಸ, ನೂಲಿನ ಜೊತಿಗೆ ಗುಡಿಸಿ ಹಾಕು, ಮನಿಗೆ ಒಯ್ಯಬ್ಯಾಡ."

ಅದೇ ವಾರ ಡಿ. ಹಿರೇಹಾಳಿನಿಂದ ದೊಡ್ಡಪ್ಪನ ಮಗ ಹರೀಶ್ ಸಿಹಿ ಹಿಡಿದುಕೊಂಡು ಬಂದ. ಅವನಿಗೆ ಮದುವೆ ಗೊತ್ತಾಗಿತ್ತು. ಹುಡುಗಿ ರೇವತಿ. ತಿಪ್ಪಕ್ಕನ ಮಗಳು.

"ಅಕ್ಕಾ, ನೀ ಬರ್ಲೇಬೇಕು ನೋಡು," ಎಂದ ಹರೀಶ್, ಪಾಪ, ಅವಳು ಎಂದಿನಂತೆ ನೆವ ಹೇಳುತ್ತಾಳೆ ಎಂದುಕೊಂಡೇ.

"ಬರ್ತೀನಿ," ಎಂದಳು ಗಂಗೋತ್ರಿ. "ಮುಂದಿನ ಸಾಲಿನಾಗ ಕೂಡ್ತೀನಿ."

ಎರಡು ತಿಂಗಳಿತ್ತು. ದಿನಕ್ಕೆ ಐದು ಬಂಡಲ್, ಐದು ಚೀಟಿ. ಮೊದಲ ಮೂರು ವಾರ ಬರೆದದ್ದನ್ನೆಲ್ಲ ಉಚ್ಚಂಗಮ್ಮ ಓದಿಸಿಕೊಂಡು ಕೇಳಿ ಪಕ್ಕಕ್ಕಿಟ್ಟಳು. "ಇದು ಬೈಗುಳ. ಇದೂ ಬೈಗುಳ. ಬೈದ್ರ ಆಕಿ ಗೆದ್ದಂಗ." ಆದರೂ ಒಂದು ಸಂಗತಿ ನಡೆದಿತ್ತು, ಗಂಗೋತ್ರಿಗೇ ತಡವಾಗಿ ತಿಳಿಯಿತು. ಬರೆದ ಸಾಲು ಮತ್ತೆ ತಲೆಗೆ ಬರುತ್ತಿರಲಿಲ್ಲ. ನಿನ್ನೆಯದು ಚೀಟಿಯಲ್ಲಿದೆ ಎಂದು ಗೊತ್ತಿದ್ದ ತಲೆ ಇವತ್ತು ಅದರ ಮುಂದಿನದನ್ನು ಹುಡುಕುತ್ತಿತ್ತು. ಜೇಬುಗಳು ತಮ್ಮ ತಮ್ಮ ಜಾಗಕ್ಕೆ ಬಂದವು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಎಲ್ಲ ಚೀಟಿಗಳನ್ನೂ ನೆಲದ ಮೇಲೆ ಹರವಿಕೊಂಡು ಕೂತಳು. ಎಂಬತ್ತೋ ತೊಂಬತ್ತೋ ಇದ್ದವು. ಒಂದೊಂದಾಗಿ ಓದಿದಳು. ಎಲ್ಲದರಲ್ಲೂ ಗಂಡ, ಮಲ್ಲಿಗೆ, ನಕ್ಕ ಜನ. ಅಕ್ಕಿಯ ಮಾತು ಒಂದರಲ್ಲೂ ಇರಲಿಲ್ಲ.

ಅಲ್ಲಿ ಅವಳಿಗೆ ಹೊಳೆಯಿತು, ಹೊಳೆದು ತನ್ನ ಮೇಲೇ ಸಿಟ್ಟೂ ಬಂತು. ತಿಪ್ಪಕ್ಕ ಹಾಡಿದ್ದರಲ್ಲಿ ಸುಳ್ಳೇನಿತ್ತು? ಗಂಡ ಬಿಟ್ಟದ್ದು ನಿಜ, ಹೊಸ ಒಲೆ ಹೂಡಿದ್ದು ನಿಜ. ನಿಜಕ್ಕೆ ಎಲ್ಲಿಂದ ಉತ್ತರ ತರುವುದು? ಇಲ್ಲದ ಉತ್ತರಕ್ಕಾಗಿ ನಾಲ್ಕು ವರ್ಷ ಸವೆಸಿದ್ದಳು. ಸುಳ್ಳಾದದ್ದು ಅಕ್ಕಿ ಮುಟ್ಟಿ ಇಟ್ಟ ಆಣೆ. ಅದು ನಡೆದದ್ದು ಇಬ್ಬರೇ ಇದ್ದ ಹಜಾರದಲ್ಲಿ, ಊರಿಗೆ ಗೊತ್ತೇ ಇಲ್ಲ. ಊರಿಗೆ ಗೊತ್ತಿದ್ದದ್ದು ಗಂಗೋತ್ರಿಯ ಮಾನ ಹೋದದ್ದು ಮಾತ್ರ.

ಮದುವೆಗೆ ಹತ್ತು ದಿನವಿರುವಾಗ ಮಡಕಶಿರಾದಿಂದ ನಾಗರತ್ನ ಫೋನ್ ಮಾಡಿದಳು. ಅಕ್ಕ ಪದ ಕಟ್ಟುತ್ತಿರುವ ಸುದ್ದಿ ಅವಳಿಗೆ ಮುಟ್ಟಿತ್ತು. "ಅಕ್ಕಾ, ಒಂದು ವಿಷಯ ಹೇಳ್ತೀನಿ, ಕೇಳು. ತಿಪ್ಪಕ್ಕತ್ತಿ ಹರೇದಾಗ ತನ್ನ ಮದುವಿ ಹಿಂದಿನ ದಿನ ಓಡಿ ಹೋಗಿದ್ಲಂತ. ಪಾವಗಡದಾಗ ಹಿಡಕೊಂಡು ಬಂದ್ರಂತ. ಅದನ್ನ ಹಾಡು."

ಆಸೆಯಾಗಲಿಲ್ಲ ಎಂದರೆ ಸುಳ್ಳು. ಗಂಗೋತ್ರಿಯ ಬಾಯಲ್ಲಿ ನೀರೂರಿತು. ಒಂದು ಬಂಡಲ್ ಪೂರ್ತಿ ಅದನ್ನೇ ನೆನೆಸಿದಳು, ಮುಗಿದ ಮೇಲೆ ಚೀಟಿಯಲ್ಲಿ ಏನೂ ಬರೆಯದೆ ಹರಿದು ಹಾಕಿದಳು. ಕರುಣೆಯಿಂದಲ್ಲ. ಗುಟ್ಟಿಗೆ ಗುಟ್ಟು ಹಾಡಿದರೆ ಇಬ್ಬರೂ ಸಮ ಆಗುತ್ತಾರೆ, ತಿಪ್ಪಕ್ಕ ನಕ್ಕು ಮನೆಗೆ ಹೋಗುತ್ತಾಳೆ. ಗಂಗೋತ್ರಿಗೆ ಸಮ ಆಗುವುದು ಬೇಕಿರಲಿಲ್ಲ.

ಮದುವೆಯ ಹಿಂದಿನ ದಿನ ಗಂಡಿನ ಕಡೆಯವರ ವ್ಯಾನು ಗುಡಿಬಂಡೆ ದಾಟಿ ಮಡಕಶಿರಾ ಸೇರಿತು. ಉಚ್ಚಂಗಮ್ಮ, ಕರೆಯದಿದ್ದರೂ, ಮುಂದಿನ ಸೀಟಿನಲ್ಲೇ ಬಂದಿದ್ದಳು. ಮರುದಿನ ಧಾರೆ ಮುಗಿದು ಬೀಗರಿಗೆ ಎಲೆ ಹಾಕಿದಾಗ, ಈ ಸಲ ತುಪ್ಪದ ಗಿಂಡಿ ತಿಪ್ಪಕ್ಕನ ಕೈಯಲ್ಲಿತ್ತು. ಹೆಣ್ಣಿನ ತಾಯಿ, ರೇಷ್ಮೆ ಸೀರೆ, ಮುಖದ ತುಂಬ ಅರಿಶಿನ. ಗಂಗೋತ್ರಿಯನ್ನು ಕಂಡವಳೇ ಕಣ್ಣು ಅರಳಿಸಿ ಶುರು ಮಾಡಿದಳು:

ಪ್ಯಾಂಟು ಹೊಲಿಯೋ ಬೀಗರು ಪಂಕ್ತೀಗೆ ಬಂದವ್ರೆ
ಗಂಟು ಮೂಟೇಲಿ ಏನೈತೆ, ಬಿಚ್ಚಿದ್ರೆ
ನಂಟರಿಗೆ ತಂದವ್ರೆ ಬರಿ ಗುಂಡಿ

ಒಳ್ಳೆಯ ಪದ, ಒಪ್ಪಬೇಕಾದ್ದೇ. ಎಲ್ಲರೂ ನಕ್ಕರು, ಗಂಗೋತ್ರಿಯೂ ನಕ್ಕಳು. ಅನ್ನ ಕಲೆಸುತ್ತಲೇ ತಿರುಗಿಸಿದಳು:

ಮುದ್ದೆಯ ನುಂಗ್ಯಾಳ ಮಡಕಶಿರದ ಬೀಗಿತ್ತಿ
ಎದ್ದು ನಿಂತರ ನೆಲ ನಡುಗೈತಿ, ಮಂಟಪಕ
ಗುದ್ದಲಿ ಪೂಜಿ ಮತ್ತ ಮಾಡಬೇಕ

ಈಗ ಮಡಕಶಿರಾದವರೇ ಹೆಚ್ಚು ನಕ್ಕರು. ಅಡುಗೆಯವರು ಸೌಟು ಹಿಡಿದೇ ಬಾಗಿಲಿಗೆ ಬಂದರು. "ಭೇಷ್ ಕಣಮ್ಮಿ, ನಾಲ್ಗೆ ಬಂದೈತೆ ನಿಂಗೆ," ಎಂದಳು ತಿಪ್ಪಕ್ಕ. ಇನ್ನೊಂದು ಹಾಡಲು ಅವಳು ಬಾಯಿ ತೆರೆಯುವುದರೊಳಗೆ ಗಂಗೋತ್ರಿ ಎಲೆಯ ಮೇಲಿನಿಂದ ಕೈ ತೆಗೆದಳು. ದನಿ ಇಳಿಸಿ, ಅವಸರವಿಲ್ಲದೆ ಹಾಡಿದಳು:

ಅಕ್ಕಿಯ ಹಸನಕ್ಕ ಅತ್ತೆಮ್ಮ ಕುಂತಿದ್ಲು
ಮಕ್ಕಳ ತಾಯಂಗ ತಲಿ ಸವರಿ, ಕೇಳ್ಯಾಳ
ದುಕ್ಕ ಯಾತಕ್ಕ ನನಗ್ಹೇಳ

ಮುಟ್ಟ್ಯಾಳ ಮೊರದಕ್ಕಿ ಇಟ್ಟಾಳ ಆಣೀಯ
ಹೊಟ್ಟ್ಯಾಗ ಇಟ್ಟೇನು ಅಂದಾಳ, ಮದುವ್ಯಾಗ
ಕೊಟ್ಟಾಳ ನಗುವೋರ ಕೈಯಾಗ

ಗಂಡ ಬಿಟ್ಟವಳಂತ ನಾನ ಹೇಳೇನು ಇಂದು
ಕಂಡವರು ನಕ್ಕರ ನಗಲೇಳ, ಆಣಿಯಕ್ಕಿ
ಉಂಡು ನಕ್ಕವಳ ಹೆಸರೇನ

ಯಾರೂ ನಗಲಿಲ್ಲ. ಪದದ ಕೊನೆಗೆ ಪ್ರಶ್ನೆ ಇಟ್ಟರೆ ಎದುರಿನವರು ಉತ್ತರ ಕೊಡಲೇಬೇಕು, ಅದು ಪದ್ಧತಿ. ಎಲ್ಲರೂ ತಿಪ್ಪಕ್ಕನ ಕಡೆ ತಿರುಗಿದರು. ತಿಪ್ಪಕ್ಕ ಉತ್ತರ ಕೊಡಬೇಕಾದರೆ ತನ್ನ ಹೆಸರನ್ನೇ ಹೇಳಬೇಕಿತ್ತು. ಸಿಟ್ಟಾಗುವಂತಿಲ್ಲ, ಅಳುವಂತಿಲ್ಲ, ಇಲ್ಲ ಎನ್ನುವಂತೆಯೂ ಇಲ್ಲ. ಇಲ್ಲ ಎಂದರೆ ತನ್ನನ್ನೇ ಕೇಳಿದ್ದು ಎಂದು ಒಪ್ಪಿದಂತೆ.

ಪಕ್ಕದ ಪಂಕ್ತಿಯಿಂದ ರಂಗಕ್ಕ ಎಂಬ ಕಣ್ಣು ಮಂಜಾದ ಅಜ್ಜಿ ಜೋರಾಗಿ ಕೇಳಿದಳು: "ಯಾರೇ ಅದು? ಅನ್ನದ ಮೇಲೆ ಆಣೆ ಇಟ್ಟು ತಪ್ಪಿದೋಳು?"

ಮದುಮಗಳು ರೇವತಿ ತಾಯಿಯ ಮುಖ ನೋಡಿದಳು. ತಿಪ್ಪಕ್ಕನ ಗಿಂಡಿಯಿಂದ ತುಪ್ಪ ಉಚ್ಚಂಗಮ್ಮನ ಎಲೆಗೆ ಧಾರೆಯಾಗಿ ಬೀಳುತ್ತಿತ್ತು. "ಸಾಕ್ರಿ ಬೀಗರ," ಎಂದಳು ಉಚ್ಚಂಗಮ್ಮ, "ನಂಗ ಇಷ್ಟು ಅರಗಂಗಿಲ್ಲ."

ಮರುದಿನ ರೇವತಿಯ ಮಡಿಲಕ್ಕಿಗೆ ಅಕ್ಕಿ ಹಸನು ಮಾಡಲು ಹೆಂಗಸರೆಲ್ಲ ಮೊರದ ಸುತ್ತ ಕೂತಿದ್ದರು. ಗಂಗೋತ್ರಿಯೂ ಇದ್ದಳು. ರೇವತಿ ಹೊಸ ಮನೆಯ ಅಳುಕನ್ನು ಮೆಲ್ಲಗೆ ರಂಗಕ್ಕನ ಕಿವಿಯಲ್ಲಿ ಹೇಳಿಕೊಳ್ಳುತ್ತಿದ್ದಳು. ತಿಪ್ಪಕ್ಕ ಬಂದು ಜಾಗ ಮಾಡಿಕೊಂಡು ಕೂತಳು. ರೇವತಿ ಮಾತು ನಿಲ್ಲಿಸಿ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು. ಉಳಿದವರೂ ಸುಮ್ಮನಾದರು. ಜಗಳವಿಲ್ಲ, ಮುಖ ತಿರುಗಿಸಲಿಲ್ಲ, ಬರೀ ಮಾತು ನಿಂತಿತು. ಇನ್ನು ಆ ಊರಿನ ಯಾವ ಮೊರದ ಮುಂದೆ ತಿಪ್ಪಕ್ಕ ಕೂತರೂ ಹೀಗೇ ಎಂದು ಗಂಗೋತ್ರಿಗೆ ಗೊತ್ತಾಯಿತು. ಸುಳ್ಳು ಯಾಕೆ, ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಹೊರಡುವಾಗ ತಿಪ್ಪಕ್ಕ ಬಾಗಿಲ ಬಳಿ ಅವಳ ಕೈ ಹಿಡಿದಳು. "ನನ್ ಮಗಳೂ ನನ್ ಮುಂದೆ ಬಾಯಿ ಬಿಡ್ತಿಲ್ಲ ಕಣಮ್ಮಿ. ಇಷ್ಟು ಬೇಕಿತ್ತಾ?"

ಗಂಗೋತ್ರಿ ಕೈ ಬಿಡಿಸಿಕೊಂಡಳು. "ಪದಕ್ಕ ಸಿಟ್ಟು ಮಾಡಬಾರ್ದ್ರಿ ಅತ್ತಿ. ನಗತಾ ತಗೋಬೇಕು."

ತಿಂಗಳು ಕಳೆಯಿತು. ಯೂನಿಟ್ಟಿನಲ್ಲಿ ಈಗ ಗಂಗೋತ್ರಿಯ ಚೀಟಿಗಳಿಗೆ ಗಿರಾಕಿಗಳು. ಆ ಮದುವೆಗೆ ನಾಲ್ಕು ಪದ ಕಟ್ಟಿಕೊಡು, ಈ ಸೀಮಂತಕ್ಕೆ ಎರಡು ಎಂದು ಕೇಳಿಕೊಂಡು ಬರುತ್ತಿದ್ದರು. ತಿಪ್ಪಕ್ಕ ತಲೆಯೊಳಗಿನಿಂದ ಎದ್ದುಹೋಗಿ, ಆ ಜಾಗ ಖಾಲಿ ಬಿದ್ದಿತ್ತು. ಹಾಗಿರುವಾಗ ನಾಗರತ್ನಳ ಫೋನ್ ಬಂತು.

"ಅಕ್ಕಾ, ತಿಪ್ಪಕ್ಕತ್ತಿ ಸರಿ ಇಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕ್ತಾಳ. ನಲ್ಲಿ ಮುಂದ ಬಿಂದಿಗಿ ತುಂಬಿ ಹರಿದ್ರೂ ಖಬರಿಲ್ಲ, ತನ್ನಷ್ಟಕ್ಕ ತಾನು ಏನೋ ಗುನುಗ್ತಾಳ. ಹಿಂಗ ಅಂದಿದ್ರ ಆಗ್ತಿತ್ತು, ಹಂಗ ಅಂದಿದ್ರ ಆಗ್ತಿತ್ತು ಅಂತಾಳಂತ. ಯಾರ ಮದುವಿಗೂ ಹೋಗವಲ್ಲಳು."

"ಹೌದೇನು?"

"ನೀನೂ ಹಿಂಗ ಇದ್ದೆಲ್ಲ ಅಕ್ಕಾ, ನಾಕು ವರ್ಷ. ನೀ ಹೆಂಗ ಹೊರಗ ಬಂದಿ? ಏನರ ಇದ್ರ ಹೇಳು, ಅತ್ತಿಗೆ ಹೇಳ್ತೀನಿ. ನೋಡಾಕ ಆಗವಲ್ದು."

ಗಂಗೋತ್ರಿಯ ಕೈಯಲ್ಲಿ ಬಂಡಲಿನ ಚೀಟಿ ಇತ್ತು. ಹಿಂಬದಿಯಲ್ಲಿ ಆ ಹೊತ್ತಿನ ಸಾಲು ಅರ್ಧ ಬರೆದಾಗಿತ್ತು. ಪಕ್ಕದಲ್ಲಿ ಉಚ್ಚಂಗಮ್ಮ ಕತ್ತರಿ ನಿಲ್ಲಿಸಿ ಅವಳ ಮುಖವನ್ನೇ ನೋಡುತ್ತಿದ್ದಳು. ಹೇಳಲು ಎರಡು ಮಾತು ಸಾಕಿತ್ತು.

"ನಂಗೇನ್ ಗೊತ್ತವ್ವ," ಎಂದಳು ಗಂಗೋತ್ರಿ. "ತಾನ ಹೋತು."

ಫೋನ್ ಇಟ್ಟು, ಸಾಲು ಪೂರ್ತಿ ಮಾಡಿ, ಮುಂದಿನ ಬಂಡಲ್ ಎಳೆದುಕೊಂಡಳು.